ಪೇಡಾನ ಮೈಮ್ಯಾಲಿನ ಚಿಗಟ

ಬ್ಯಾಡಗಿ
28-2-2007, ಬುಧವಾರ

ಚಿರಂಜೀವಿ ಸುರೇಖಾಗ,

ನಿನ್ನ ಅತ್ತಿ ನೀಲಗಂಗವ್ವ ಮಾಡೂ ಆಶೀರ್ವಾದ. ಮೊದಲು ನೀ ತವರಿಗೆ ಹೋದಾಗ ಬರಿಯೂ ಕಾಗದಕ್ಕ ಚಿ. ಸೌ. ಅಂತ ಹಾಕ್ತಿದ್ದೆ. ಈಗ ಹಾಕಬೇಕೋ ಬ್ಯಾಡೋ ತಿಳೀಲಿಲ್ಲ. ಎರಡು ಹಾಳಿ ಹರದು ಹಾಕಿ, ಮೂರನೇದರಾಗ ಬರೇ ಚಿರಂಜೀವಿ ಅಂತ ಬರದೇನಿ. ನೀ ಭಾಳ ದಿನ ಬಾಳಬೇಕು ಅನ್ನೂದರಾಗಂತೂ ಏನೂ ಸುಳ್ಳಿಲ್ಲ.

ನಿನ್ನ ಅಂತರ್ದೇಶಿ ಪತ್ರ ಹದಿನಾಕನೇ ತಾರೀಖಿಗೇ ಬಂತು. ಉತ್ತರಕ್ಕ ಇಷ್ಟು ತಡ ಆತು, ಸಿಟ್ಟಾಗಬ್ಯಾಡ. ನೀ ಈ ಮನಿ ಬಿಟ್ಟು ಹೋಗಿ ವರ್ಷದ ಮ್ಯಾಲಾತು. ಅಷ್ಟು ದಿನದಾಗ ನಿನ್ನ ಕೈಯಕ್ಷರ ಕಂಡದ್ದು ಅದ ಮೊದಲು. ಅದರಾಗ ಇದ್ದದ್ದೂ ಒಂದ ಮಾತು. "ಮೃಣಾಲಿನಿಯ ಕೈಕಾಲಿನ ಮೇಲೆ ಕೆಂಪು ಗುಳ್ಳೆಗಳು ಎದ್ದಿವೆ. ನಿಮ್ಮ ಮನೆಯಲ್ಲಿ ಆಕೆಗೆ ಏನು ಕಡಿದದ್ದು ಎಂದು ತಿಳಿಸಿರಿ." ಶಾಲಿ ಕಲಸೂ ಬಾಯಾರು ಪಾಲಕರಿಗೆ ಚೀಟಿ ಬರದಂಗ ಬರದಿದ್ದಿ. ನನಗ ಬ್ಯಾಸರಾಗಲಿಲ್ಲ. ಇನ್ನೇನ್ ಬರದೀ ನೀ ನನಗ.

ಪತ್ರ ಮೊದಲು ಬಿದ್ದದ್ದು ಶಶಿಕಾಂತನ ಕೈಗೆ. ಓದಿ ಮಾರಿ ಕಪ್ಪ ಮಾಡಿಕೊಂಡು, ಇದನ್ನ ಆಕಿ ಹಾವೇರಿ ಕೋರ್ಟಿನ್ಯಾಗ ತೋರಸ್ತಾಳ, ಅಪ್ಪನ ಮನ್ಯಾಗ ಹುಡಿಗಿ ಮೈಗೆ ಹುಳ ಬೀಳತಾವ ಅಂತ ಹೇಳಸ್ತಾಳ, ಅಂದ. ಹಂಗಿರಲಿಕ್ಕಿಲ್ಲೋ, ತಾಯಿ ಆದಾಕಿ ಕೇಳ್ಯಾಳ, ಅಂತ ನಾ ಅಂದೆ. ಅಷ್ಟು ಅನ್ನಾಕೂ ನನಗ ಧೈರ್ಯ ಬೇಕಾತು ನೋಡು.

ಏನ್ ಕಡೀತು ಅಂತ ಕೇಳಿದ್ದಿ. ಕಡದದ್ದು ಚಿಗಟ. ಬಂದದ್ದು ಪೇಡಾನ ಮೈಯಿಂದ.

ಪೇಡಾ ನಿನಗ ಮರತಿರಲಿಕ್ಕಿಲ್ಲ. ಆ ಬಾಲ ಇಲ್ಲದ ಇಲಿ. ಹ್ಯಾಮ್‌ಸ್ಟರ್ ಅಂತ ಅನಬೇಕಂತ, ಮುನ್ನಿ ಹತ್ತು ಸಲ ಹೇಳಿಕೊಟ್ಟಾಳ, ನನ್ನ ನಾಲಿಗಿ ಹೊರಳವಲ್ಲದು. ನೀ ಇಟ್ಟ ಮೃಣಾಲಿನಿ ಅನ್ನೂ ಹೆಸರ ಹೊರಳದ ಮುನ್ನಿ ಮಾಡಿಕೊಂಡಾಕಿ ನಾ. ಧಾರವಾಡ ಪೇಡೆ ಬಣ್ಣದ್ದು ಅಂತ ಆಕಿ ಅದಕ್ಕ ಪೇಡಾ ಅಂತ ಹೆಸರಿಟ್ಲು. ಶಶಿ ಅದನ್ನ ಹುಬ್ಬಳ್ಳಿಯಿಂದ ತಂದದ್ದು. ಮನ್ಯಾಗ ಏನಾರ ಆದ ಮರುದಿನ ಏನಾರ ತರೂದು ಅವನ ರೂಢಿ. ನಿನಗೊಂದು ಸೀರಿ, ಮುನ್ನಿಗೊಂದು ಆಟಗಿ. ಆ ಸಲ ಇದನ್ನ ತಂದ. ನೀ ಒಂದು ಕೈಯಾಗ ಚೀಲ, ಒಂದು ಕೈಯಾಗ ಹುಡಿಗಿ ಹಿಡಕೊಂಡು ಮುಂಜಾನಿ ಬಸ್ಸಿಗೆ ಹೋದಿ. ಪಂಜರ ಹಿಡ್ಯಾಕ ನಿನಗ ಮೂರನೇ ಕೈ ಇರಲಿಲ್ಲ. ಅದು ಇಲ್ಲೇ ಉಳೀತು.

ಖರೇ ಹೇಳ್ತೇನಿ, ಅದು ಉಳದದ್ದು ನನಗ ಛಲೋ ಅನಿಸ್ತು. ಕೋರ್ಟಿನವರು ತಿಂಗಳಾ ಎರಡನೇದು, ನಾಕನೇದು ಐತವಾರ ಮುನ್ನಿ ಅಪ್ಪನ ಮನಿಗೆ ಬರಲಿ ಅಂತ ಹೇಳಿದಾಗ, ಆಕಿ ಬರ್ತಾಳೋ ಇಲ್ಲೋ ಅಂತ ನನಗ ದಿಗಿಲಿತ್ತು. ಮೊದಲನೇ ಸಲ ಶಶಿ ಗಾಡಿ ಮ್ಯಾಲ ಕುಂದ್ರಿಸಿಕೊಂಡು ಬಂದಾಗ ಹುಡಿಗಿ ಹೊಸ್ತಲ ದಾಟವಲ್ಲಳು. ಒಳಗ ಪೇಡಾ ಪಂಜರದಾಗಿನ ಗಾಲಿ ತಿರುಗಿಸೂ ಸಪ್ಪಳ ಕೇಳಿ ಓಡಿ ಬಂದ್ಲು. ಅವತ್ತಿನಿಂದ ನಾ ಅದಕ್ಕ ನನ್ನ ಊಟಕ್ಕಿಂತ ಮೊದಲು ಕಾಳು ಹಾಕೇನಿ. ಅದು ಇರೂತನಕ ಆಕಿ ಬರ್ತಾಳ ಅಂತ ನನ್ನ ಲೆಕ್ಕ.

ಸಂಕ್ರಮಣ ಆದ ಮ್ಯಾಲ ಅದು ತುರಿಸ್ಕೊಳ್ಳಾಕ ಹತ್ತಿತು. ಹಿಂಗಾಲಿಲೆ ಕಿವಿ ಹಿಂದ ತುರಿಸ್ಕೊಳ್ಳೂದು, ಸುತ್ತ ತಿರುಗಿ ಬೆನ್ನು ಕಡಕೊಳ್ಳೂದು. ಚಳಿಗೆ ಚರ್ಮ ಒಡದಿರಬೇಕು ಅಂತ ನಾ ಸುಮ್ಮನಿದ್ದೆ. ಕುತಗಿ ಹಂತ್ಯಾಕ ಕೂದಲಾ ಉದರಿ ಬೋಳಾತು. ಫೆಬ್ರವರಿ ಹನ್ನೊಂದಕ್ಕ ಮುನ್ನಿ ಬಂದಾಗ ಅದನ್ನ ದಿನಾ ಪೂರ್ತಿ ತೊಡಿ ಮ್ಯಾಲ ಇಟ್ಟಕೊಂಡು ಕುಂತಿದ್ಲು. ಆಕಿ ಹೋದ ಮ್ಯಾಲ ನಿನ್ನ ಪತ್ರ ಬಂತು.

ಬಾಜೂ ಮನಿ ದೌಲತಬಿನ್ನ ಕರದು ತೋರಿಸಿದೆ. ಆಕಿ ಮಾರ್ಕೆಟ್ಟಿನ ಮೆಣಸಿನಕಾಯಿ ಮನಿಗೆ ತಂದು ತೊಟ್ಟು ಬಿಡಸ್ತಾಳಲ್ಲ, ಕಣ್ಣು ಭಾಳ ಸೂಕ್ಷ್ಮ. ಪೇಡಾನ ಹೊಟ್ಟಿ ಕೆಳಗಿನ ಕೂದಲಾ ಊದಿ ನೋಡಿ, ಇದು ಹೇನಲ್ಲ ಅವ್ವಾರ, ಚಿಗಟ, ಜಿಗೀತಾವ ನೋಡ್ರಿ, ಅಂದ್ಲು. ಎಲ್ಲಿಂದ ಬಂದಾವು ಅಂದ್ರ ನಮ್ಮ ಮೆಣಸಿನಕಾಯಿ ಗೋಡೌನಿನ ಬೆಕ್ಕಿನಿಂದ. ಅದು ಪಂಜರದ ಬಾಜೂ ಒಟ್ಟಿದ್ದ ಖಾಲಿ ಚೀಲದ ಮ್ಯಾಲ ಬಂದು ಮಲಗತಿತ್ತು. ಅದನ್ನ ಅಲ್ಲಿ ಮಲಗಾಕ ಬಿಟ್ಟಾಕಿ ನಾನ. ಹಂಗಾಗಿ ಮೊದಲನೇ ತಪ್ಪು ನಂದು ಅಂತ ಬರಕೋ.

ಬ್ಯಾಡಗಿ ದನದ ದವಾಖಾನಿಗೆ ಹೋಗಾಕ ನಾಚಿಕಿ ಬಂತು, ಎಲ್ಲಾರೂ ಗುರ್ತಿನವರು. ಪೇಡಾನ್ನ ಬೂಟಿನ ಡಬ್ಬ್ಯಾಗ ಹಾಕಿ, ಮ್ಯಾಲ ತೂತು ಮಾಡಿ, ಹಾವೇರಿ ಬಸ್ ಹತ್ತಿದೆ. ಕಂಡಕ್ಟರ್ ಡಬ್ಬ್ಯಾಗ ಏನೈತಿ ಅಂತ ಕೇಳಿದ. ಮೊಮ್ಮಗಳ ಸಾಮಾನು ಅಂದೆ. ದವಾಖಾನ್ಯಾಗ ನನ್ನ ಮುಂದ ಒಂದು ಎಮ್ಮಿ, ಹಿಂದ ಮೂರು ಆಡು. ನಡಬರಕ ನಾ ಡಬ್ಬಿ ಹಿಡಕೊಂಡು ನಿಂತೇನಿ. ಗುತ್ತಲದ ಕಡೆಯವನೊಬ್ಬ ರೈತ ಇಣುಕಿ ನೋಡಿ, ಯವ್ವಾ, ಇಲಿಗೆ ಇಂಜೆಕ್ಷನ್ ಮಾಡ್ಸಾಕ ಬಂದೀಯೇನು ಅಂತ ನಕ್ಕ. ನಾನೂ ನಕ್ಕೆ. ಭಾಳ ದಿನದ ಮ್ಯಾಲ ನಕ್ಕದ್ದು ಅದು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ನಗಲಿಲ್ಲ. ಪೇಡಾನ್ನ ಅಂಗೈಮ್ಯಾಲ ಇಟ್ಟಕೊಂಡು, ಇಂಥಾದ್ದನ್ನ ಓದುವಾಗ ನೋಡಿದ್ದೆ, ಇಲ್ಲಿ ಬಂದ ಮ್ಯಾಲ ಇದ ಮೊದಲು, ಅಂದ್ರು. ಬಿಳಿ ಹತ್ತಿ ನೀರಾಗ ಅದ್ದಿ ಅದರ ಬೆನ್ನು ಒರಸಿದ್ರು. ಹತ್ತಿ ಮ್ಯಾಲ ಕರೀ ಪುಡಿ ಹಂಗ ಏನೋ ಹತ್ತಿತು, ನೋಡುನೋಡೂದ್ರಾಗ ಕೆಂಪಾತು. ಇದು ಇದರ ರಕ್ತ, ಚಿಗಟ ಹೀರಿ ಹೇತದ್ದು, ಅಂದ್ರು. ಎಷ್ಟು ಸಣ್ಣ ಜೀವ, ಎಷ್ಟು ರಕ್ತ ಇದ್ದೀತು ಸುರೇಖಾ ಅದರ ಮೈಯಾಗ.

ಆಮ್ಯಾಲ ಏನೇನು ಮಾಡಬೇಕು ಅಂತ ಹೇಳಿಕೊಟ್ರು. ದಿನಾ ಎರಡು ಹೊತ್ತು ಹೇನಿನ ಹಣಿಗಿಲೆ ಮೆಲ್ಲಕ ಬಾಚಬೇಕು. ಸಿಕ್ಕ ಚಿಗಟ ಸೋಪಿನ ನೀರಿಗೆ ಹಾಕಬೇಕು. ಹಾಸಿದ ಕಟಗಿ ಹೊಟ್ಟೆಲ್ಲ ಸುಟ್ಟು ಹಾಕಿ, ಪಂಜರ ಕುದಿಯೂ ನೀರಾಗ ತೊಳದು ಬಿಸಲಿಗೆ ಇಡಬೇಕು. ಬೆಕ್ಕನ್ನ ಒಳಗ ಬಿಡಬಾರದು. ಪೇಡಾಗ ಮಾತ್ರ ಸ್ನಾನ ಮಾಡಸಬಾರದು, ಚಳಿ ಹತ್ತಿ ಸಾಯತೈತಿ. ಕಡೀಕ ಒಂದು ಮಾತು ಎರಡೆರಡು ಸಲ ಹೇಳಿದ್ರು. "ಅಮ್ಮಾರ, ಯಾವ ಪುಡಿನೂ ಹಾಕಬ್ಯಾಡ್ರಿ. ನಾಯಿಗೆ ಹಾಕೂದಾಗಲಿ, ತಗಣಿಗೆ ಹಾಕೂದಾಗಲಿ. ಇದು ಮೈ ನೆಕ್ಕತೈತಿ, ಹೊಟ್ಟ್ಯಾಗ ಹೋದ್ರ ಉಳಿಯೂದಿಲ್ಲ."

ಮನಿಗೆ ಬಂದು ಶಶಿಗೂ ಇದನ್ನ ಹಂಗ ಹೇಳಿದೆ. ಊಟ ಮಾಡಾಕತ್ತಿದ್ದ. ಹೂಂ ಅಂದ.

ಅವತ್ತಿನಿಂದ ದಿನಾ ಬಾಚಿದೆ. ನಿಮ್ಮ ಮಾವನವರ ಹಳೀ ಧೋತರದ ಮೆತ್ತನ್ನ ತುಂಡಿನ್ಯಾಗ ಪೇಡಾನ್ನ ಸುತ್ತಿ, ಮಾರಿ ಅಷ್ಟು ಹೊರಗ ಬಿಟ್ಟು, ಹಿತ್ತಲ ಕಟ್ಟಿ ಮ್ಯಾಲ ಬಿಸಲಿಗೆ ಕುಂದ್ರತಿದ್ದೆ. ಮೊದಲನೇ ದಿನ ಹನ್ನೊಂದು ಚಿಗಟ ಸಿಕ್ಕವು, ನನ್ನ ಕೈಬಳ್ಳು ಕಡದು ಪೇಡಾ ಓಡಿಹೋತು. ನಾಕನೇ ದಿನಕ್ಕ ಅದಕ್ಕ ರೂಢಿ ಆತು. ಹಣಿಗಿ ಆಡೂವಾಗ ಕಣ್ಣು ಮುಚ್ಚಿ ಕುಂದ್ರತಿತ್ತು, ನೀ ಮುನ್ನಿ ತಲಿ ಬಾಚೂವಾಗ ಆಕಿ ಕುಂದ್ರತಿದ್ದಳಲ್ಲ ಹಂಗ. ಕದರಮಂಡಲಗಿ ಹಣಮಪ್ಪಗ ಎಣ್ಣಿ ಕೊಡ್ತೇನಿ ಅಂತನೂ ಬೇಡಿಕೊಂಡೆ. ದೌಲತಬಿ ನಕ್ಕೊಂತ, ಇಲಿ ಸಲವಾಗಿ ದೇವರಿಗೆ ಎಣ್ಣಿಯೇನ್ರಿ ಅವ್ವಾರ, ಅಂದ್ಲು. ಇಪ್ಪತ್ತಮೂರಕ್ಕ ಒಂದ ಚಿಗಟ ಸಿಕ್ಕಿತು. ಇಪ್ಪತ್ತನಾಕಕ್ಕ ಒಂದೂ ಇಲ್ಲ. ಬೋಳಾದಲ್ಲಿ ಹೊಸಾ ಕೂದಲಾ ಬರಾಕ ಹತ್ತಿತ್ತು. ನಾಳೆ ಮುನ್ನಿಗೆ ತೋರಸ್ತೇನಿ, ನಿನಗೂ ಛಲೋ ಸುದ್ದಿ ಬರೀತೇನಿ ಅಂತ ಕಾದು ಕುಂತೆ. ಉತ್ತರ ತಡ ಆದದ್ದು ಇದಕ್ಕ.

ಶಶಿ ಗಾಡಿ ಸಪ್ಪಳ ಆಗಾಕತ್ತೈತಿ. ಉಳದದ್ದು ನಾಳೆ ಬರೀತೇನಿ.

ಗುರುವಾರ ಮುಂಜಾನಿ

ನಿನ್ನಿ ಹಾಳಿನ್ನ ಜ್ವಾಳದ ಡಬ್ಬಿ ಕೆಳಗ ಇಟ್ಟಿದ್ದೆ. ಅವ ಈಗ ಮಾರ್ಕೆಟ್ಟಿಗೆ ಹೋಗ್ಯಾನ. ಮೆಣಸಿನಕಾಯಿ ಸೀಜನ್ ಐತಿ, ಮಧ್ಯಾಹ್ನದ ತನಕ ಬರೂದಿಲ್ಲ.

ಮೊನ್ನಿ ಐತವಾರದ ಸುದ್ದಿ ಮುನ್ನಿ ನಿನಗ ಹೇಳಿರಬೇಕು. ಪೇಡಾ ಸತ್ತೈತಿ ಅಂತ ಅಷ್ಟ ಹೇಳಿರತಾಳ. ಹೆಂಗ ಅನ್ನೂದು ಆಕಿಗೂ ಗೊತ್ತಿಲ್ಲ. ನನಗ ಗೊತ್ತೈತಿ.

ಮುಂಜಾನಿ ಹತ್ತಕ್ಕ ಬಂದ್ಲು. ಪೇಡಾನ ಹೊಸಾ ಕೂದಲಾ ನೋಡಿ ನನ್ನ ಕೊಳ್ಳಿಗೆ ಬಿದ್ದು ಜೋತಾಡಿದ್ಲು. ಜ್ವಾಳದ ರೊಟ್ಟಿ, ಎಣ್ಣಗಾಯಿ ಮಾಡಿದ್ದೆ, ಒಂದೂವರಿ ರೊಟ್ಟಿ ತಿಂದ್ಲು. ಉಣ್ಣೂವಾಗ ಆಕಿ ಮಣಕಟ್ಟಿನ ಮ್ಯಾಲ ಒಂದು ಕೆಂಪು ಗುಳ್ಳಿ ಶಶಿ ಕಣ್ಣಿಗೆ ಬಿತ್ತು. ಒಂದ ಒಂದು. ಸೊಳ್ಳಿ ಕಡದದ್ದು ಇರಬಹುದು, ನಿಮ್ಮ ಮನ್ಯಾಗ ಕಡದದ್ದೂ ಇರಬಹುದು. ಹಂಗಂತ ನಾ ಹೇಳಿದೆ. ಅವ ಮಾತಾಡಲಿಲ್ಲ. ಅವ ಮಾತಾಡದ ಇದ್ದಾಗ ಹೆಂಗಿರತೈತಿ ಅಂತ ನಿನಗ ನಾ ಹೇಳಬೇಕಾಗಿಲ್ಲ.

ಉಂಡ ಮ್ಯಾಲ ಮುನ್ನಿ ದೌಲತಬಿ ಮನಿಗೆ ಆಕಿ ಕುರಿಮರಿ ನೋಡಾಕ ಹೋದ್ಲು. ಶಶಿ ಎದ್ದು ಗೋಡೌನಿಗೆ ಹೋಗಿ, ತಗಣಿಗೆ, ಇರುವಿಗೆ ಅಂತ ಇಟ್ಟಿದ್ದ ಪುಡಿ ಡಬ್ಬಿ ತಂದ. ನಾ ಗಂಗಾಳ ತೊಳದು ಕೈ ಒರಸ್ಕೊಂತ ಅಡಗಿಮನಿ ಬಾಗಲಕ್ಕ ಬಂದಿದ್ದೆ. ಅವ ಪಂಜರದ ಬಾಗಲಾ ತಗದು ಡಬ್ಬಿ ಬೋರಲ ಹಾಕಿ ಝಾಡಿಸಿದ. ಪೇಡಾ ಬೆಳ್ಳಗಾತು. ಗಾಲಿ ಹಿಂದ ಹೋಗಿ ಕುಂತು, ಮುಂಗಾಲಿಲೆ ಮಾರಿ ಒರಸ್ಕೊಂಡು, ನೆಕ್ಕಾಕ ಹತ್ತಿತು. ಡಾಕ್ಟರು ಹೇಳಿದಂಗ.

ನಡುವ ಹತ್ತು ಹೆಜ್ಜಿ ಇರಲಿಲ್ಲ. ಹೋಗಿ ಅದನ್ನ ಎತ್ತಿಕೊಂಡು ಅರಿವಿಲೆ ಒರಸಿದ್ರೂ ಉಳೀತಿತ್ತೋ ಏನೋ. ಅವ ಹೊರಳಿ ನನ್ನ ಮಾರಿ ನೋಡಿದ. ನಾ ಕೆಳಗ ನೋಡಿದೆ. ಅವ ಹೊರಗ ಹೋದ.

ನಾಕರ ಸುಮಾರಿಗೆ ಮುನ್ನಿ ಬಂದ್ಲು. ಆವಾಗ ಪೇಡಾ ಒಂದ ಮಗ್ಗಲಿಗೆ ಬಿದ್ದು ಕಾಲು ಝಾಡಿಸ್ತಿತ್ತು. ಆಕಿ ಎತ್ತಿ ಎದಿಗೆ ಅವಚಿಕೊಂಡ್ಲು. ಸ್ವಲ್ಪ ಹೊತ್ತಿಗೆ ಅದು ಸುಮ್ಮನಾತು. ಅಪ್ಪನ್ನ ಕೇಳಿದ್ಲು. ಚಿಗಟ ಕಡದು ರಕ್ತ ಎಲ್ಲಾ ಹೋಗಿತ್ತು, ಅದಕ್ಕ ಸತ್ತೈತಿ, ಅಂತ ಅವ ಹೇಳಿದ. ಆಕಿ ತನ್ನ ಫ್ರಾಕಿಗೆ ಹತ್ತಿದ ಬಿಳಿ ಪುಡಿ ನೋಡಿಕೊಂಡ್ಲು. ಒಂಬತ್ತು ವರ್ಷದಾಕಿ ಆದರೂ ಹೆಡ್ಡಿ ಅಲ್ಲ. ನನ್ನ ಕಡೆ ಬಂದ್ಲು.

"ಅಜ್ಜಿ, ಯಾರೋ ಪುಡಿ ಹಾಕ್ಯಾರ. ನೀ ನೋಡಿದೇನು?"

"ಇಲ್ಲವ್ವ. ನಾ ಒಳಗ ಇದ್ದೆ, ನೋಡಿಲ್ಲ," ಅಂದೆ.

ಆಕಿ ನನ್ನ ಮಾರಿ ಮ್ಯಾಲಿಂದ ಕಣ್ಣು ತಗೀಲಿಲ್ಲ. ಅಳಲಿಲ್ಲ. ಹಿತ್ತಲದಾಗ ಮಲ್ಲಿಗಿ ಬಳ್ಳಿ ಬುಡಕ ನಾನೂ ಆಕೀನೂ ಕೂಡಿ ತಗ್ಗು ತಗದು ಅದನ್ನ ಇಟ್ವಿ. ಆಕಿ ಮಣ್ಣು ಎಳದ್ಲು. ಐದಕ್ಕ ಅಪ್ಪನ ಗಾಡಿ ಹತ್ತಿ ಹೋದ್ಲು. ಪ್ರತಿ ಸಲ ಹೋಗೂವಾಗ ತಿರುಗಿ ತಿರುಗಿ ಕೈ ಬೀಸತಿದ್ದಾಕಿ, ಈ ಸಲ ಓಣಿ ದಾಟೂತನಕ ಒಮ್ಮೆನೂ ಹೊರಳಿ ನೋಡಲಿಲ್ಲ.

ಶಶಿ ಆಕಿನ್ನ ಬಿಟ್ಟು ಬಂದವ ರಾತ್ರಿ ಉಣಲಿಲ್ಲ. ಪಡಸಾಲ್ಯಾಗ ಖಾಲಿ ಪಂಜರದ ಮುಂದ ಕುಂತಿದ್ದ. ಮರುದಿನ ಮುಂಜಾನಿ, ಹುಬ್ಬಳ್ಳಿಗೆ ಹೋಗಿ ಇಂಥಾವ ಎರಡು ತರ್ತೇನಿ, ಅವಕ್ಕ ದೊಡ್ಡ ಪಂಜರ ತರ್ತೇನಿ ಅಂದ. ಅವನ ಕಣ್ಣು ಕೆಂಪಾಗಿದ್ದವು. ಅವಂಗೂ ದುಃಖ ಆಗತೈತಿ ಸುರೇಖಾ, ಇಲ್ಲ ಅಂತಲ್ಲ. ಆಗೂದು ಮರುದಿನ. ಆವಾಗ ಏನೂ ಉಳದಿರೂದಿಲ್ಲ.

ನಿನ್ನ ಪ್ರಶ್ನಿಗೆ ಉತ್ತರ ಇಷ್ಟು. ಮುನ್ನಿ ಮೈಗೆ ಇನ್ನೇನೂ ಆಗೂದಿಲ್ಲ, ಗುಳ್ಳಿ ತುರಿಸ್ಕೊಳ್ಳಾಕ ಬಿಡಬ್ಯಾಡ, ಬೇವಿನ ತಪ್ಪಲಾ ಅರದು ಹಚ್ಚು. ಆಕಿ ಅರಿವಿಯೆಲ್ಲ ಬಿಸಿನೀರಾಗ ಒಗಿ. ನಿಮ್ಮ ಅವ್ವಗ ಮೊಣಕಾಲ ನೋವು ಹೆಂಗೈತಿ. ನೀ ಕಲಸಾಕ ಶಾಲಿಗೆ ಹೋಗೂವಾಗ ಹೊತ್ತಿಗೆ ಉಂಡು ಹೋಗು, ನಿನಗ ಮೊದಲಿಂದಲೂ ಚಹಾದ ಮ್ಯಾಲ ಮಧ್ಯಾಹ್ನ ಮಾಡೂ ಕೆಟ್ಟ ರೂಢಿ. ನಿನ್ನ ಮಗಳು ನಿನ್ನಂಗ ಓದಲಿ. ನಿಮ್ಮಿಬ್ಬರ ಮ್ಯಾಲ ಆ ಬಸವಣ್ಣನ ನೆರಳು ಇರಲಿ. ನನ್ನ ಆಶೀರ್ವಾದಕ್ಕ ಶಕ್ತಿ ಐತೋ ಇಲ್ಲೋ, ಇದ್ದಷ್ಟೂ ನಿಮ್ಮಿಬ್ಬರಿಗೇ.

ಇಂತಿ,
ಈಗಲೂ ನಿನ್ನ ಅತ್ತಿ,
ನೀಲಗಂಗವ್ವ

ತಾ. ಕ. ಲಕೋಟಿಗೆ ಗೋಂದು ಹಚ್ಚಾಕ ಹೋದಾಕಿ ತಿರುಗಿ ಬಂದು ಕುಂತೇನಿ. ಇಷ್ಟೆಲ್ಲಾ ಚಿಗಟದ ಸುದ್ದಿ ಬರದದ್ದು ಇದನ್ನ ಬರಿಯೂದು ತಪ್ಪಿಸ್ಕೊಳ್ಳಾಕ ಅಂತ ನನಗ ಗೊತ್ತೈತಿ.

ಎರಡು ವರ್ಷದ ಹಿಂದ ದೀಪಾವಳಿ ಮುಗದ ಮ್ಯಾಲ ಎರಡೂ ಕಡೆ ಹಿರ್ಯಾರು ನಮ್ಮ ಪಡಸಾಲ್ಯಾಗ ಕುಂತು ನನ್ನ ಕೇಳಿದ್ರು, ನಿಮ್ಮ ಮಗ ಸೊಸಿ ಮ್ಯಾಲ ಕೈ ಮಾಡ್ಯಾನೋ ಇಲ್ಲೋ, ನೀವು ಕಂಡದ್ದು ಹೇಳ್ರಿ ಅಂತ. ನೀ ಕಟ್ಟು ಹಾಕಿದ ಎಡಗೈ ತೊಡಿ ಮ್ಯಾಲ ಇಟ್ಟಕೊಂಡು ನನ್ನ ಮಾರಿನ ನೋಡಾಕತ್ತಿದ್ದಿ. ನಾ ನೋಡಿಲ್ರಿ, ಆಕಿ ಬಚ್ಚಲದಾಗ ಜಾರಿ ಬಿದ್ದಾಳ, ಅಂದೆ.

ನೋಡಿದ್ದೆ. ಅವತ್ತೂ ಅಡಗಿಮನಿ ಬಾಗಲದಾಗ ನಿಂತಿದ್ದೆ. ಅವ ನಿನ್ನ ಕೈ ತಿರುವಿದ್ದು ನೋಡಿದೆ, ಎಲುಬು ಮುರದ ಸಪ್ಪಳ ಕೇಳಿದೆ. ನನ್ನ ಮಾತು ನಂಬಿ ನಿಮ್ಮಪ್ಪ ನಿನಗ ಬುದ್ಧಿ ಹೇಳಿ, ಇಲ್ಲೇ ಬಿಟ್ಟು, ರಾಣೆಬೆನ್ನೂರ ಬಸ್ ಹತ್ತಿದ್ರು. ಆಮ್ಯಾಲ ಹದಿನಾಕು ತಿಂಗಳು ನೀ ಈ ಮನ್ಯಾಗ ಇದ್ದಿ. ಆ ಹದಿನಾಕು ತಿಂಗಳು ನಿನಗ ಕೊಟ್ಟಾಕಿ ನಾ. ಮಗನ ಮರ್ಯಾದಿ ಉಳಿಸಿದೆ ಅಂತ ತಿಳಕೊಂಡಿದ್ದೆ. ಕ್ಷಮಿಸು ಅಂತ ಕೇಳೂದಿಲ್ಲ, ಅದನ್ನ ಕೇಳೂ ಹಕ್ಕು ನನಗಿಲ್ಲ.

ಐತವಾರದ್ದು ಒಂದು ಬಿಟ್ಟು ಬರದೇನಿ. ನನ್ನ ಕೇಳಿದ ಮ್ಯಾಲ ಮುನ್ನಿ ಅಪ್ಪನ ಕಡೆ ತಿರುಗಿ, ನೀನ ಹಾಕೀದಿ, ಅಂದ್ಲು. ಅವ ಕೈ ಎತ್ತಿದ. ಹೊಡೀಲಿಲ್ಲ, ಎತ್ತಿದ ಕೈ ಹಂಗ ಇಳಿಸಿದ. ಆದ್ರ ಅಷ್ಟ್ರಾಗ ಆಕಿ ಒಂದು ಮೊಣಕೈ ಮಾರಿಗೆ ಅಡ್ಡ ಹಿಡದು, ಗ್ವಾಡಿ ಕಡೆ ಹೊರಳಿ ಕುಕ್ಕರಿಸಿಬಿಟ್ಟಿದ್ಲು. ನೀ ಹಂಗ ಕುಂದ್ರತಿದ್ದಿ. ಆ ಹುಡಿಗಿ ಮ್ಯಾಲ ಅವ ಯಾವತ್ತೂ ಕೈ ಮಾಡಿದವಲ್ಲ. ಹಂಗಾರ ಆಕಿ ಎಲ್ಲಿ ಕಲತ್ಲು. ನಾವು ಆಕಿ ಮಲಗ್ಯಾಳ, ಆಕಿ ಸಣ್ಣಾಕಿ ಅಂತ ಅಂದುಕೊಂಡಿದ್ವಿ. ಈ ಮನ್ಯಾಗ ನೋಡಿಲ್ಲ ಅಂದಾಕಿ ನಾ ಒಬ್ಬಾಕಿನ.

ಮಾರ್ಚ್ ಹದಿನೈದಕ್ಕ ಹಾವೇರಿ ಕೋರ್ಟಿನ್ಯಾಗ, ಮುನ್ನಿ ಅಪ್ಪನ ಹಂತ್ಯಾಕ ಇರಬೇಕು ಅಂತ ಶಶಿ ಹಾಕಿದ ಕೇಸಿನ್ಯಾಗ, ನಾ ಅವನ ಕಡೆ ಸಾಕ್ಷಿ. ಏನ್ ಹೇಳಬೇಕು ಅಂತ ಅವನ ವಕೀಲರು ಬಂದು ಹೇಳಿಕೊಟ್ಟು ಹೋಗ್ಯಾರ. ನಾ ಕಂಡದ್ದು ಹೇಳ್ತೇನಿ. ನಿನ್ನ ಕೈಯಿಂದ ಹಿಡದು ಈ ಇಲಿತನಕ ಎಲ್ಲಾ ಹೇಳ್ತೇನಿ. ಹೇಳಿದ ಮ್ಯಾಲ ಈ ಮನ್ಯಾಗ ನನಗ ಜಾಗ ಇರತೈತೋ ಇಲ್ಲೋ, ದೌಲತಬಿ ತನ್ನ ಹಂತ್ಯಾಕ ಒಂದು ಖೋಲಿ ಐತಿ ಅಂದಾಳ. ಕೋರ್ಟಿನ್ಯಾಗ ನೀ ನನ್ನ ಜೋಡಿ ಮಾತಾಡಬೇಕು ಅಂತೇನಿಲ್ಲ.

ಅದಕ್ಕೂ ಮೊದಲು, ಹನ್ನೊಂದಕ್ಕ ಆಕಿ ಬರೂ ಐತವಾರ ಐತಿ. ಮುನ್ನಿನ್ನ ಕಳಸಬ್ಯಾಡ. ಜ್ವರ ಬಂದಾವು ಅಂತ ಹೇಳು, ಏನಾರ ಹೇಳು, ಕಳಸಬ್ಯಾಡ. ಆಮ್ಯಾಲೂ ಈ ಹೊಸ್ತಲ ದಾಟಾಕ ಬಿಡಬ್ಯಾಡ. ನಾ ಎಷ್ಟು ಅತ್ತು ಕರದು ಕಾಗದ ಬರದ್ರೂ ಬಿಡಬ್ಯಾಡ.

ಆಕಿ ಕೇಳಿದ್ರ, ಅಜ್ಜಿ ನೋಡಿದ್ಲು ಅಂತ ಹೇಳು.